ಮನೆಗೆ ಕಳಿಸಿದ ಒಂಬತ್ತು ಮಂದಿ

“ಮನೆಗೆ ಹೋದ ಈ ಒಂಬತ್ತು ಜನ ಆಮೇಲೆ ಏನಾದ್ರು?”

ಕೇಳಿದ್ದು ಡಾಕ್ಟರ್ ಪದ್ಮಶ್ರೀ. ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಹೊಸಕೋಟೆಯ ಆಸ್ಪತ್ರೆಯೊಂದರಲ್ಲಿ ಅವಳು ಕ್ಯಾನ್ಸರ್ ಶಸ್ತ್ರವೈದ್ಯೆ. ಆರು ಆಸ್ಪತ್ರೆಗಳಿಂದ ತರಿಸಿದ ಪಟ್ಟಿ ಮೇಜಿನ ಮೇಲಿತ್ತು. ಅದನ್ನು ಪರಿಶೀಲಿಸಿ ಸಹಿ ಹಾಕುವ ಹೊಣೆ ಅವಳದು. ಹೊಟ್ಟೆಯ ಒಳಪೊರೆಗೆ ಹಬ್ಬಿದ ಗಂಟುಗಳನ್ನೆಲ್ಲ ಬಿಡಿಸಿ ತೆಗೆದು, ಬಿಸಿ ಮಾಡಿದ ಕೀಮೋ ಔಷಧಿಯನ್ನು ಒಂದೂವರೆ ಗಂಟೆ ಹೊಟ್ಟೆಯೊಳಗೇ ಹರಿಸುವ ಚಿಕಿತ್ಸೆ ಪಡೆದವರು ಎಂಬತ್ತಾರು ಮಂದಿ. ತೀರಿಕೊಂಡವರು ಇಬ್ಬರೇ. ಒಂಬತ್ತು ಹೆಸರುಗಳ ಮುಂದೆ ಮಾತ್ರ ‘ಮನೆಯವರ ಕೋರಿಕೆಯಂತೆ ಕಳಿಸಲಾಗಿದೆ’ ಎಂದಿತ್ತು. ಪಟ್ಟಿಯ ಮಟ್ಟಿಗೆ ಅವರೆಲ್ಲ ಬದುಕಿದವರು.

ಈ ಪಟ್ಟಿಯನ್ನೇ ನಂಬಿ ಶನಿವಾರ ದೇವನಹಳ್ಳಿಯಲ್ಲಿ ಇಪ್ಪತ್ತು ತಜ್ಞರು ಸೇರುವವರಿದ್ದರು. ಈ ಚಿಕಿತ್ಸೆ ಯಾರಿಗೆ, ಎಲ್ಲಿ, ಯಾವಾಗ ಎಂಬುದನ್ನು ಒಂದೊಂದೇ ವಾಕ್ಯವಾಗಿ ಮತಕ್ಕೆ ಹಾಕುವುದು. ಮುಕ್ಕಾಲು ಪಾಲು ಜನ ಒಪ್ಪಿದ್ದು ಮಾರ್ಗಸೂಚಿಯಾಗಿ ಉಳಿಯುವುದು. ಸಣ್ಣ ಊರಿನ ಆಸ್ಪತ್ರೆಗಳಲ್ಲೂ ಇದು ಸುರಕ್ಷಿತ ಎಂಬ ಏಳನೆಯ ವಾಕ್ಯವನ್ನು ಬರೆದವರು ಅಧ್ಯಕ್ಷರಾದ ಡಾಕ್ಟರ್ ಆದಿನಾರಾಯಣಪ್ಪ. ಪದ್ಮಶ್ರೀಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಗುರುಗಳು. ತಮ್ಮ ನಂದಗುಡಿಯ ಜನ ಬೆಂಗಳೂರಿನಲ್ಲಿ ಸರದಿ ಕಾಯುತ್ತಲೇ ಸಾಯುವುದನ್ನು ಕಂಡು ಬೆಂದವರು.

ಕುಂದಾಣದಂಥ ಹಳ್ಳಿಯಲ್ಲಿ ಹುಟ್ಟಿದವಳಿಗೆ ಮನೆಯವರ ಕೋರಿಕೆ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇನ್ನು ಉಳಿಯುವುದಿಲ್ಲ ಅಂತ ತಿಳಿದ ಮೇಲೆ, ಮೂಗಿಗೆ ಹಾಕಿದ ಆಕ್ಸಿಜನ್ ಸಮೇತ ಹೊರಡಿಸಿಕೊಂಡು ಬರುತ್ತಾರೆ. ಹೊಸಿಲು ದಾಟಿಸಿ, ದೇವರ ಗೂಡಿನ ಎದುರು ಮಲಗಿಸಿ, ಬಾಯಿಗೆ ತುಳಸಿ ನೀರು ಬಿಡುತ್ತಾರೆ. ಜೀವ ತನ್ನ ಮನೆಯಲ್ಲೇ ಹೋಗಬೇಕು. ಅವಳ ತಾತನೂ ಹೀಗೇ ಬಂದಿದ್ದರು. ಕಿವಿಯ ಬಳಿ ಕೂತು ಪದ್ಯ ಹೇಳುತ್ತಿದ್ದ ಅಜ್ಜಿಯ ದನಿ ನಿಂತಾಗಲೇ ಉಳಿದವರಿಗೆ ತಿಳಿದದ್ದು.

ಎರಡು ದಿನ ಕೂತು ಒಂಬತ್ತು ಮನೆಗಳಿಗೂ ಫೋನು ಮಾಡಿದಳು. ಇಬ್ಬರು ಬದುಕಿದ್ದರು. ಏಳು ಮಂದಿ ಮನೆ ಸೇರಿದ ವಾರದೊಳಗೆ ತೀರಿಕೊಂಡಿದ್ದರು. ಅವರಲ್ಲೊಬ್ಬ ತರಕಾರಿ ಬೆಳೆಯುತ್ತಿದ್ದ ಬೈಲಪ್ಪ. ಅವನಿಗೆ ಆಪರೇಷನ್ ಮಾಡಿದ್ದೂ ಪದ್ಮಶ್ರೀಯೇ, ಅವನ ಹೆಸರಿನ ಮುಂದೆ ಆ ಸಾಲು ಬರೆದದ್ದೂ ಅವಳ ಕೈಯೇ. ಆಮೇಲೆ ವಿಚಾರಿಸುವುದು ಅವಳಿಗೆ ಹೊಳೆದಿರಲೇ ಇಲ್ಲ. ಅವನ ಹೆಂಡತಿ ಮುತ್ಯಾಲಮ್ಮ ಬಯ್ಯಲಿಲ್ಲ. ಬದಲಿಗೆ ಸಮಾಧಾನ ಹೇಳಿದಳು.

“ಮನೇಲೇ ಪ್ರಾಣ ಬಿಟ್ರು ಡಾಕ್ಟ್ರಮ್ಮ. ನಿಮ್ಮ ಆಸ್ಪತ್ರೆಗೆ ಕೆಟ್ಟ ಹೆಸ್ರು ಬರ್ಲಿಲ್ಲ, ಬಿಡಿ.”

ಶನಿವಾರ ಅವಳು ಹೊಸ ಪಟ್ಟಿಯೊಂದಿಗೆ ಬಂದಳು. ಜೊತೆಯಲ್ಲಿ ಓದಿದ ಡಾಕ್ಟರ್ ಮುರಳಿ ಅದರ ಮೇಲೆ ಕಣ್ಣಾಡಿಸಿ, “ಏನ್ ಮೇಡಂ, ಜನಗಣತಿ ಕೆಲ್ಸಾನೂ ವಹಿಸ್ಕೊಂಡ್ಬಿಟ್ರಾ?” ಎಂದ. ಸಂಖ್ಯೆ ಕಂಡ ಮೇಲೆ ಕುರ್ಚಿ ಎಳೆದುಕೊಂಡು ಮೊದಲಿಂದ ಓದತೊಡಗಿದ.

ಆರನೆಯ ವಾಕ್ಯ ಮುಗಿದು ಕಾಫಿಗೆ ಎದ್ದಾಗ ಆದಿನಾರಾಯಣಪ್ಪನವರು ಅವಳನ್ನು ಪಡಸಾಲೆಗೆ ಕರೆದರು. ಪಟ್ಟಿಯನ್ನು ಎರಡು ಸಲ ಓದಿದರು. ಸುಳ್ಳು ಅಂತ ಅವರು ಅನ್ನಲಿಲ್ಲ. ಸತ್ತವರು ಇಬ್ಬರಿದ್ದದ್ದು ಒಂಬತ್ತಾದರೆ ಏಳನೆಯ ವಾಕ್ಯ ಬೀಳುತ್ತದೆ. ಬಿದ್ದರೆ ಹೊಸಕೋಟೆಯಲ್ಲಿ ಈ ಚಿಕಿತ್ಸೆ ನಿಲ್ಲುತ್ತದೆ. ಉಳಿಯಬಹುದಾದವರೂ ಉಳಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಅದೂ ನಿಜವೇ ಎಂದು ಅವಳಿಗೆ ಗೊತ್ತಿತ್ತು. ಹೊಸಕೋಟೆಯ ವಾರ್ಡಿನಲ್ಲಿ ಕದಿರಮ್ಮ ಎಂಬಾಕೆ ಸೋಮವಾರದ ಆಪರೇಷನ್ನಿಗೆಂದು ಆಗಲೇ ಸೇರಿದ್ದಳು.

ಗುರುಗಳು ಹಳೆಯ ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಮ್ಮ ಪೆನ್ನು ತೆಗೆದು ಚಾಚಿದರು.

“ಆ ಏಳು ಜನದ್ದು ಮುಂದಿನ ವರ್ಷದ ವರದಿಗೆ ಹಾಕೋಣ. ಇವತ್ತು ಇದಕ್ಕೇ ಸಹಿ ಹಾಕ್ಬಿಡಮ್ಮ. ನಿನ್ನ ಹತ್ರ ನಾನು ಯಾವತ್ತೂ ಏನೂ ಕೇಳಿಲ್ಲ.”

ಕೇಳಿರಲಿಲ್ಲ, ನಿಜ. ಪದ್ಮಶ್ರೀ ಪೆನ್ನು ಮುಟ್ಟಲಿಲ್ಲ.

“ಹಾಕಲ್ಲ ಸರ್,” ಎಂದಳು.