ಮೂಲೆಯ ಮೂರು ಗೆರೆ

ಆ ವಾರ ವಿಶಾಲಾಕ್ಷಮ್ಮನ ಮನೆಯಲ್ಲಿ ಅನ್ನ ಎರಡು ಸಲ ಸೀದಿತು, ಹಾಲು ಮೂರು ಸಲ ಉಕ್ಕಿ ಒಲೆ ನಂದಿಸಿತು. ಚಾಮರಾಜಪೇಟೆಯ ಆ ಓಣಿಯಲ್ಲಿ ಗಡಿಯಾರ ತಪ್ಪಿದರೂ ಈಕೆಯ ಅಡಿಗೆ ತಪ್ಪದು ಅನ್ನುವ ಹೆಸರಿತ್ತು. ಗಂಡ ಸಿದ್ದಬಸಪ್ಪ ಸೀದ ಅನ್ನವನ್ನು ಒಂದು ಮಾತೂ ಆಡದೆ ಉಂಡು ಎದ್ದರು. ಬೈದಿದ್ದರಾದರೂ ಆಕೆಗೆ ಸಮಾಧಾನವಾಗುತ್ತಿತ್ತು.

ಕಾರಣ ಇಷ್ಟೇ. ಸೋಮವಾರ ಬೆಳಿಗ್ಗೆ ಸಿದ್ದಬಸಪ್ಪ ಸ್ನಾನಕ್ಕೆ ಹೋಗಿದ್ದಾಗ, ಹನುಮಂತನಗರದ ವೆಂಕಟಾಚಲ ಮೇಷ್ಟ್ರು ಗೇಟಿನ ಹೊರಗೆ ನಿಂತು ಒಂದು ಆಮಂತ್ರಣ ಕೊಟ್ಟು ಹೋಗಿದ್ದರು. ತುರ್ತುಪರಿಸ್ಥಿತಿ ಬಂದು ಇಪ್ಪತ್ತೈದು ವರ್ಷವಾಯಿತಂತೆ, ಆಗ ಜೈಲು ಕಂಡವರಿಗೆಲ್ಲ ಬಸವನಗುಡಿಯಲ್ಲಿ ಸನ್ಮಾನವಂತೆ, ಒಂದು ಸ್ಮರಣ ಸಂಚಿಕೆಯೂ ಬರುತ್ತದಂತೆ.

"ಒಬ್ಬೊಬ್ಬರ ಬಂಧನದ ಕಾಗದ ಎಲ್ಲಾ ಜೆರಾಕ್ಸ್ ಸಿಕ್ಕಿದೆ. ಅದನ್ನೇ ಅಚ್ಚು ಹಾಕ್ತೀವಿ. ಭಾನುವಾರ ನಮ್ಮನೆಗೆ ಬಂದು ಅವರವರ ಕಾಗದ ನೋಡಿ ಒಪ್ಪಿಗೆ ಬರ್ಕೊಡಬೇಕು. ಹೇಳಿ ಅವನಿಗೆ," ಅಂದಿದ್ದರು ಮೇಷ್ಟ್ರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

ವಿಶಾಲಾಕ್ಷಮ್ಮ ಹೇಳಲಿಲ್ಲ. ಆಮಂತ್ರಣವನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. ಆಮೇಲೆ ಅಕ್ಕಿ ತೆಗೆಯಲು ಹೋದಾಗಲೆಲ್ಲ ಅದು ಕೈಗೆ ತಗುಲಿ ಎದೆ ಧಸಕ್ಕೆನ್ನುತ್ತಿತ್ತು. ಗಂಡ ಹೊರಗೆ ಹೊರಟರೆ ಮೇಷ್ಟ್ರು ದಾರಿಯಲ್ಲಿ ಸಿಕ್ಕಿಬಿಟ್ಟರೆ ಅನ್ನುವ ಭಯ, ಮನೆಯಲ್ಲೇ ಕೂತರೆ ಮೇಷ್ಟ್ರೇ ಬಂದುಬಿಟ್ಟರೆ ಅನ್ನುವ ಭಯ. ಫೋನು ಬಡಿದುಕೊಂಡರೆ ಸಾಕು, ಒದ್ದೆ ಕೈಯಲ್ಲೇ ಓಡುತ್ತಿದ್ದಳು.

ಯಾಕೆಂದರೆ ಆ ಕಾಗದಗಳಲ್ಲಿ ಒಂದು ಆಕೆಯದು.

ಎಪ್ಪತ್ತೈದರಲ್ಲಿ ಸಿದ್ದಬಸಪ್ಪ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದರು. ಸರ್ಕಾರದ ವಿರುದ್ಧದ ಕರಪತ್ರ ಸಿಕ್ಕಿತೆಂದು ಪೊಲೀಸರು ಅವರನ್ನೂ ಮೇಷ್ಟ್ರನ್ನೂ ಒಂದೇ ದಿನ ಹಿಡಿದೊಯ್ದು ಸೆಂಟ್ರಲ್ ಜೈಲಿಗೆ ಹಾಕಿದರು. ವಿಚಾರಣೆಯಿಲ್ಲ, ಅವಧಿಯಿಲ್ಲ. ಗಂಡನಿಗೆ ಮೊದಲೇ ಉಬ್ಬಸ. ಎಂಟನೆಯ ತಿಂಗಳು ಭೇಟಿಗೆ ಹೋದಾಗ ಸರಳಿನಾಚೆ ಕೂತ ಮನುಷ್ಯನಿಗೆ ಒಂದು ವಾಕ್ಯ ಮುಗಿಸಲು ಮೂರು ಸಲ ಉಸಿರು ಬೇಕಾಯಿತು. ಹಿಂದಿನ ವಾರವಷ್ಟೇ ಅದೇ ಬ್ಯಾರಕ್ಕಿನ ಒಬ್ಬರನ್ನು ಆಸ್ಪತ್ರೆಗೆಂದು ಒಯ್ದು ಹೆಣವಾಗಿ ಮನೆಗೆ ಕಳಿಸಿದ್ದರು. ಮನೆಯಲ್ಲಿ ನಾಲ್ಕು ವರ್ಷದ ಮಗಳು. ತಪ್ಪಾಯಿತು, ಇನ್ನು ಸರ್ಕಾರದ ಕಾರ್ಯಕ್ರಮಗಳಿಗೆ ಬೆಂಬಲ ಕೊಡುತ್ತೇನೆ ಅಂತ ಬರೆದುಕೊಟ್ಟರೆ ಬಿಡುತ್ತಾರೆ ಅನ್ನುವ ಸುದ್ದಿ ಊರಲ್ಲೆಲ್ಲ ಇತ್ತು. ಸಿದ್ದಬಸಪ್ಪ ಸತ್ತರೂ ಬರೆಯುವ ಪೈಕಿಯಲ್ಲ.

ಆಕೆಯೇ ಬರೆದಳು. ಗಂಡನ ಹಳೇ ಪತ್ರಗಳನ್ನು ಎದುರಿಗಿಟ್ಟುಕೊಂಡು ಸಹಿ ಕಲಿತಳು. ಭೇಟಿಯಲ್ಲಿ ಅವರೇ ಸಹಿ ಹಾಕಿ ಕೊಟ್ಟರೆಂದು ಸುಳ್ಳು ಹೇಳಿ ಕಚೇರಿಗೆ ಕೊಟ್ಟು ಬಂದಳು. ಹತ್ತು ದಿನಕ್ಕೆ ಗಂಡ ಮನೆಗೆ ಬಂದರು. "ಬಿಟ್ಬಿಟ್ರು," ಅಂದರು, ಅಷ್ಟೇ. ಮಿಕ್ಕವರು ಇನ್ನೂ ಅರ್ಧ ವರ್ಷ ಒಳಗಿದ್ದರು.

ಅಂದಿನಿಂದ ಈ ಮನೆಯಲ್ಲಿ ಜೈಲಿನ ಮಾತಿಲ್ಲ. ಮಗಳು ಶಿವರಂಜಿನಿ ಮಾತ್ರ ತನ್ನ ಮಕ್ಕಳಿಗೆ "ನಿಮ್ಮಜ್ಜ ಯಾರಿಗೂ ತಲೆ ಬಗ್ಗಿಸಿದವರಲ್ಲ" ಅನ್ನುತ್ತಾಳೆ. ಆಗೆಲ್ಲ ಸಿದ್ದಬಸಪ್ಪ ಎದ್ದು ಹಿತ್ತಲಿಗೆ ಹೋಗುತ್ತಾರೆ. ಹೊಗಳಿಕೆಗೆ ನಾಚುತ್ತಾರೆ ಅಂತ ವಿಶಾಲಾಕ್ಷಮ್ಮ ಅಂದುಕೊಂಡಿದ್ದಳು. ಆ ತಲೆಯನ್ನು ಅವರಿಗೇ ತಿಳಿಯದ ಹಾಗೆ ಬಗ್ಗಿಸಿದವಳು ತಾನು ಅಂತ ಗೊತ್ತಾದರೆ? ಹೊಡೆಯುವ ಬೈಯುವ ಜಾತಿಯಲ್ಲ ಅವರು. ಸುಮ್ಮನೆ ಒಮ್ಮೆ ನೋಡಿ ಮುಖ ತಿರುಗಿಸುತ್ತಾರೆ, ಮತ್ತೆ ಈ ಜನ್ಮದಲ್ಲಿ ತಿರುಗಿ ನೋಡುವುದಿಲ್ಲ.

ಶನಿವಾರ ಬೆಳಿಗ್ಗೆ ಹೂವು ತರುತ್ತೇನೆಂದು ಹೇಳಿ ಹೊರಟಳು. ಗಾಂಧಿ ಬಜಾರಿನಲ್ಲಿ ಎರಡು ಮೊಳ ಕನಕಾಂಬರ ಕೊಂಡಳು, ಸುಳ್ಳಿಗೂ ಒಂದು ಸಾಕ್ಷಿ ಬೇಕಲ್ಲ. ಅಲ್ಲಿಂದ ಆಟೋ ಹತ್ತಿ ಹನುಮಂತನಗರಕ್ಕೆ.

ಮೇಷ್ಟ್ರು ಜಗಲಿಯ ಮೇಲೆ ಫೈಲುಗಳ ನಡುವೆ ಕೂತಿದ್ದರು.

"ಮೇಷ್ಟ್ರೇ, ನಮ್ಮನೆಯವರ ಕಾಗದ ನನಗೆ ಕೊಟ್ಬಿಡಿ. ಅಚ್ಚು ಹಾಕ್ಬೇಡಿ. ಕೈ ಮುಗೀತೀನಿ."

"ಹೆದರಬೇಡಿ ತಾಯಿ. ಬರೆದುಕೊಟ್ಟೋನು ಅವನೊಬ್ಬನೇ ಅಲ್ಲ. ಈಗ ನಮಗ್ಯಾರಿಗೂ ಕೋಪ ಇಲ್ಲ."

"ಅವರು ಬರ್ಕೊಟ್ಟಿಲ್ಲ," ಅಂದಳು ವಿಶಾಲಾಕ್ಷಮ್ಮ. "ನಾನು ಬರೆದದ್ದು. ಸಹಿನೂ ನಂದೇ. ಅವರಿಗೆ ಗೊತ್ತೇ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಆಕೆಯನ್ನೇ ನೋಡಿದರು.

"ಅದು ಹ್ಯಾಗಮ್ಮಾ? ಅವನೇ ಹೇಳಿದ್ನಲ್ಲ."

"ಏನು ಹೇಳಿದ್ರು?"

"ಸೂಪರಿಂಟೆಂಡೆಂಟ್ ಕರೆಸಿದ್ರು ಅಂತ ಹೋದ. ನಾವೆಲ್ಲ ಊಟಕ್ಕೆ ಕೂತಿದ್ವಿ. ವಾಪಸ್ ಬಂದೋನು ನಮ್ಮೆದುರಿಗೆ ನಿಂತ್ಕೊಂಡು, 'ನಾನು ತಪ್ಪೊಪ್ಪಿಗೆ ಬರ್ಕೊಟ್ಟಿದೀನಿ, ಸಹಿ ನಂದೇ, ನಾಳೆ ಬಿಡ್ತಾರೆ' ಅಂದ. ಯಾರೂ ಮಾತಾಡ್ಲಿಲ್ಲ. ಯಾರಾದ್ರೂ ಏನಾದ್ರೂ ಅನ್ಲಿ ಅಂತ ಸ್ವಲ್ಪ ಹೊತ್ತು ನಿಂತೇ ಇದ್ದ." ಮೇಷ್ಟ್ರ ದನಿ ಇಳಿಯಿತು. "ನಾನು ತಟ್ಟೆ ಎತ್ಕೊಂಡು ಗೋಡೆ ಕಡೆ ತಿರುಗಿ ಕೂತೆ, ತಾಯಿ."

ವಿಶಾಲಾಕ್ಷಮ್ಮ ಜಗಲಿಯ ಅಂಚಿಗೆ ಕೂತಳು. ಜೈಲಿಗೆ ಹೋಗುವ ಮುಂಚೆ ದಿನಾ ಸಂಜೆ ಗಾಂಧಿ ಬಜಾರಿನಲ್ಲಿ ಈ ಮೇಷ್ಟ್ರ ಜೊತೆ ಕಾಫಿ ಕುಡಿಯದೆ ಮನೆ ಸೇರದ ಮನುಷ್ಯ, ಬಂದ ಮೇಲೆ ಒಂದು ಸಲವೂ ಆ ಬೀದಿ ತುಳಿಯಲಿಲ್ಲ. ತರಕಾರಿಗೂ ಹೂವಿಗೂ ಆಕೆಯೇ ಹೋಗಬೇಕು. ಜನ ಕಂಡರೆ ಹೆದರಿಕೆಯಾಗಿದೆ, ಜೈಲಿನ ಪ್ರಭಾವ ಅಂದುಕೊಂಡು ಮಠದ ಸ್ವಾಮಿಗಳಿಂದ ತಾಯತ ಬೇರೆ ಕಟ್ಟಿಸಿದ್ದಳು!

ಮೇಷ್ಟ್ರು ಫೈಲಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ಕೆಳಗೆ ಆಕೆ ಬರೆದ ಗಂಡನ ಸಹಿ. ಮೇಲೆ, ಬಲಮೂಲೆಯಲ್ಲಿ, ಬೂದುಬಣ್ಣದ ಮೂರು ಅಡ್ಡಗೆರೆ.

ಆಕೆ ಹಾಳೆಯನ್ನು ಮಡಚಲೂ ಮರೆತು ಹಾಗೇ ಎದೆಗೊತ್ತಿಕೊಂಡು ಮನೆಗೆ ಬಂದಳು.

ಆ ಗೆರೆಗಳ ಕಥೆ ಹೇಳಲೇಬೇಕು. ಬಳೇಪೇಟೆಯ ತವರಿನಿಂದ ವಿಶಾಲಾಕ್ಷಮ್ಮ ತಂದ ಪದ್ಧತಿ ಅದು. ಯಾವ ಕಾಗದವೇ ಆಗಲಿ, ಹೊಸಿಲು ದಾಟುವ ಮುಂಚೆ ಬೆರಳು ಒದ್ದೆ ಮಾಡಿ, ವಿಭೂತಿ ಗಟ್ಟಿಗೆ ತಿಕ್ಕಿ, ಮೂಲೆಗೆ ಎಳೆಯಬೇಕು. ಮಗಳ ಪರೀಕ್ಷೆಯ ಅರ್ಜಿಗೂ ಸರಿ, ರೇಷನ್ ಕಾರ್ಡಿನ ಅರ್ಜಿಗೂ ಸರಿ. ದೇವರ ಗೂಡಿನ ಕಡೆ ತಲೆಯಿಟ್ಟೂ ಮಲಗದ ಸಿದ್ದಬಸಪ್ಪ, "ರೇಷನ್ ಅಂಗಡಿಗೂ ಶಿವನ ಶಿಫಾರಸ್ಸಾ?" ಅಂತ ಹಾಸ್ಯ ಮಾಡುತ್ತಿದ್ದರು. ಆವತ್ತು, ಜೀವ ಕೈಯಲ್ಲಿ ಹಿಡಿದು ಕಳ್ಳಸಹಿ ಹಾಕಿದ ದಿನವೂ, ಆಕೆಯ ಬೆರಳು ತನ್ನ ಪಾಡಿಗೆ ತಾನು ಎಳೆದುಬಿಟ್ಟಿತ್ತು. ಆಕೆಗೆ ಅದರ ನೆನಪೇ ಇರಲಿಲ್ಲ.

ಸಿದ್ದಬಸಪ್ಪ ಪೇಪರು ಓದುತ್ತಿದ್ದರು, ಕೈಯಲ್ಲಿ ಹಳೇ ಚಟದ ಕೆಂಪು ಪೆನ್ನು. ಆಕೆ ಹಾಳೆಯನ್ನು ಪೇಪರಿನ ಮೇಲಿಟ್ಟಳು. ಅವರು ಸಹಿ ನೋಡಲಿಲ್ಲ, ಮೂಲೆ ನೋಡಿದರು.

"ವೆಂಕಟಾಚಲ ಕೊಟ್ನಾ?"

"ರೀ, ನಿಮಗೆ ಗೊತ್ತಿತ್ತಾ?"

"ಇದು ನಿಮ್ಮ ಸಹೀನಾ ಅಂತ ಸೂಪರಿಂಟೆಂಡೆಂಟ್ ಕೇಳ್ದ. ಅಲ್ಲ ಅನ್ನೋಕೆ ಬಾಯಿ ತೆರೆದಿದ್ದೆ. ಆಗ ಈ ಮೂರು ಗೆರೆ ಕಂಡ್ವು. ಅಲ್ಲ ಅಂದಿದ್ರೆ ಕಳ್ಳಸಹಿ ಕೇಸಲ್ಲಿ ನಿನ್ನ ಹಿಡ್ಕೊಂಡ್ ಬರ್ತಿದ್ರು. ಮಗು ಯಾರ ಕೈಗೆ? ನಂದೇ ಅಂದೆ."

"ಕೋಪ ಬರ್ಲಿಲ್ವಾ ನನ್ ಮೇಲೆ?"

"ಬಂತು. ಐದಾರು ವರ್ಷ ಇತ್ತು. ನೀನು ಊಟಕ್ಕೆ ಬಡಿಸೋವಾಗೆಲ್ಲ ಬರ್ತಿತ್ತು." ಪೆನ್ನಿನ ಮುಚ್ಚಳ ಹಾಕಿದರು. "ಆಮೇಲೆ ಒಂದಿನ ಉಬ್ಬಸ ಬಂದಾಗ ರಾತ್ರಿಯೆಲ್ಲ ನೀನು ಬೆನ್ನು ನೀವ್ತಾ ಕೂತಿದ್ದೆ. ಅಲ್ಲೇ ಇದ್ದಿದ್ರೆ ಯಾವತ್ತೋ ಹೋಗ್ತಿದ್ದೆ ಅನ್ನಿಸ್ತು. ಹೇಳೋಣ ಅನ್ಕೊಂಡೆ. ಹೇಳಿದ್ರೆ ನೀನು ಬದುಕಿರೋವರ್ಗೂ ಅಳ್ತೀಯ ಅಂತ ಸುಮ್ಮನಾದೆ."

ವಿಶಾಲಾಕ್ಷಮ್ಮ ಅತ್ತಳು. ತನಗಾಗಿ ಅಲ್ಲ, ಬ್ಯಾರಕ್ಕಿನ ನಡುವೆ ಯಾರಾದರೂ ಮಾತಾಡಲಿ ಅಂತ ಕಾದು ನಿಂತ ಆ ಮನುಷ್ಯನಿಗಾಗಿ ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಅವರ ಕೆಂಪು ಪೆನ್ನನ್ನೇ ಕಿತ್ತುಕೊಂಡಳು.

"ಬೇಡ ವಿಶಾಲೂ. ಅದು ಹಾಗೇ ಅಚ್ಚಾಗ್ಲಿ, ಇಲ್ಲಾ ಬಿಟ್ಬಿಡ್ಲಿ."

"ನೀವು ಸುಮ್ನಿರಿ. ಇಪ್ಪತ್ನಾಲ್ಕು ವರ್ಷ ನಿಮ್ಮ ಮಾತು ನಡೀತಲ್ಲ."

ಸಹಿಯ ಕೆಳಗೆ ಬರೆದಳು: ಈ ಪತ್ರ ಬರೆದವಳು, ಸಹಿ ಹಾಕಿದವಳು ನಾನು. ನನ್ನ ಗಂಡ ಬರೆದಿಲ್ಲ. ಸಂಚಿಕೆಯಲ್ಲಿ ಇದನ್ನೂ ಹಾಕಿ. ಕೆಳಗೆ ತನ್ನ ಹೆಸರು ಬರೆದಳು. ಹಾಳೆ ಮಡಚಿ, ಮೇಷ್ಟ್ರ ಮನೆಗೇ ಮತ್ತೆ ಹೊರಟಳು. ಕೈಚೀಲದಲ್ಲಿ ಕನಕಾಂಬರ ಹಾಗೇ ಇತ್ತು.

"ನಿಲ್ಲು," ಅಂದರು ಸಿದ್ದಬಸಪ್ಪ.

ಆಕೆ ಹೊಸಿಲಲ್ಲೇ ತಿರುಗಿ ನಿಂತಳು.

ಅವರು ಎದ್ದು ದೇವರ ಗೂಡಿನ ಹತ್ತಿರ ಹೋದರು. ಮದುವೆಯಾದ ಮೇಲೆ ಒಮ್ಮೆಯೂ ಮುಟ್ಟದ ವಿಭೂತಿ ಗಟ್ಟಿಯನ್ನು ಯಾವ ಕಡೆಯಿಂದ ಹಿಡಿಯುವುದೆಂದು ಒಂದು ಕ್ಷಣ ಯೋಚಿಸಿ, ಬೆರಳು ಒದ್ದೆ ಮಾಡಿ ತಿಕ್ಕಿದರು. ಹಾಳೆ ಬಿಡಿಸಿ ಅದರ ಎಡಮೂಲೆಗೆ ಮೂರು ಗೆರೆ ಎಳೆದರು. ಸೊಟ್ಟಗಿದ್ದವು.

"ಈಗ ನಡಿ," ಅಂದರು, ಚಪ್ಪಲಿ ಹುಡುಕುತ್ತ. "ನಾನೂ ಬರ್ತೀನಿ. ಗಾಂಧಿ ಬಜಾರ್ ಮೇಲೇ ಹೋಗೋಣ."