ಟಿವಿಯಲ್ಲಿ ಕಂಡ ಕೋಣೆ

ಟಿವಿಯಲ್ಲಿ ತನ್ನ ಕೋಣೆಯನ್ನು ನೋಡಿದ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅದೇನು ಕೋಣೆಯೋ, ಕುದುರೆ ಓಡಿಸುವ ಮೈದಾನವೋ! ಮಂಚಗಳ ನಡುವೆ ಕೈ ಬೀಸಿಕೊಂಡು ಅಡ್ಡಾಡಬಹುದು ಅನ್ನುವ ಹಾಗಿತ್ತು. ನಿಜವಾದ ಕೋಣೆಯಲ್ಲಿ ಅಡ್ಡ ತಿರುಗಿ ನಡೆದರೂ ಮೊಣಕಾಲು ಮಂಚದ ಕಬ್ಬಿಣಕ್ಕೆ ಬಡಿಯುತ್ತದೆ. ಹೀಗೆ ತೋರಿಸಿದವನು ಯಾರೋ ದಾರಿಹೋಕನಲ್ಲ, ಕ್ಯಾಮೆರಾ ಹಿಡಿಯುವ ಅವಳ ಸ್ವಂತ ತಮ್ಮ.

ಅಕ್ಕ ಕೆಲಸಕ್ಕಿದ್ದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ಲಾಂಡ್ರಿಯಲ್ಲಿ. ಅದರ ಮಾಲೀಕ ಆರು ಜನ ಹೆಂಗಸರನ್ನು ಬಾಯ್ಲರಿನ ಮೇಲಿನ ಒಂದೇ ಕೋಣೆಗೆ ತುಂಬಿದ್ದ. ಬಾಗಿಲು ಒಳಕ್ಕೆ ತೆರೆಯುತ್ತದೆ. ಅಕ್ಕನ ಮಂಚ ಅಡ್ಡ ಇರುವುದರಿಂದ ಅರ್ಧಕ್ಕೇ ನಿಂತುಬಿಡುತ್ತದೆ. ಹೋದ ತಿಂಗಳು ಕೆಳಗಿನಿಂದ ಹೊಗೆ ಎದ್ದಾಗ ಆರೂ ಜನ ಆ ಸಂದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೊರಬಂದಿದ್ದರು. ಉಳಿದಿದ್ದೇ ಪುಣ್ಯ. ಆಮೇಲೆ ಅಕ್ಕ ಕಾರ್ಮಿಕ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದು, "ಬಂದು ನೋಡ್ತೀವಿ" ಎಂಬ ಮಾತು ತೆಗೆದುಕೊಂಡಿದ್ದಳು. ಟಿವಿಯಲ್ಲೂ ಬಂದರೆ ಕೆಲಸ ಬೇಗ ಆದೀತೆಂದು ತಮ್ಮನನ್ನು ಕರೆಸಿದ್ದೂ ಅವಳೇ.

ಆಗಿದ್ದೇ ಬೇರೆ. ಮಾಲೀಕ ಅದೇ ವಿಡಿಯೊವನ್ನು ಅಧಿಕಾರಿಯ ಮುಂದೆ ಹಿಡಿದ. "ನೋಡಿ ಸಾರ್, ಹಾಲ್ ಥರ ಇದೆ. ಇವರಿಗೆ ಇನ್ನೇನು ಅರಮನೆ ಬೇಕಾ?" ಅಧಿಕಾರಿ ಬರುವುದನ್ನೇ ಕೈಬಿಟ್ಟ.

ಇದೊಂದೂ ಗೊತ್ತಿಲ್ಲದ ತಮ್ಮ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಹಲ್ಲು ಕಿರಿಯುತ್ತ ಕೋಣೆಗೆ ಬಂದ.

"ನೋಡಿದ್ಯಾ ಅಕ್ಕಾ? ಆರು ಜನಾನೂ ಒಂದೇ ಫ್ರೇಮಲ್ಲಿ!"

"ಬಾಯಿ ಮುಚ್ಚೋ! ಯಾರ ಕಡೆಯವನೋ ನೀನು? ಮಾಲೀಕ ಏನಾದ್ರೂ ತಿನ್ನಿಸಿದ್ನಾ?"

ನಡೆದದ್ದನ್ನು ಕೇಳಿ ತಮ್ಮನ ಮುಖ ಸಪ್ಪಗಾಯಿತು. "ಅಯ್ಯೋ, ಚಿಕ್ಕ ಕೋಣೆ ಅಕ್ಕಾ. ಬರೀ ಲೆನ್ಸಲ್ಲಿ ಇಬ್ಬರು ಕೂಡ ಬರ್ತಿರ್ಲಿಲ್ಲ. ಅದಕ್ಕೇ ವೈಡ್ ಕನ್ವರ್ಟರ್ ಹಾಕ್ದೆ." ಲೆನ್ಸಿನ ಮುಂದೆ ಕೂರಿಸಿದ್ದ, ಬಟ್ಟಲಿನಷ್ಟು ದಪ್ಪನೆಯ ಗಾಜನ್ನು ಮುಟ್ಟಿ ತೋರಿಸಿದ. "ಇದ್ರಿಂದ ಅಗಲ ಜಾಸ್ತಿ ಸಿಗುತ್ತೆ."

"ಹೌದಾ? ಹಾಗಾದ್ರೆ ಅದನ್ನ ಈ ಬಾಗಿಲಿಗೆ ಹಾಕಪ್ಪ, ನೋಡೋಣ!" ಎಂದಳು ಪಕ್ಕದ ಮಂಚದ ಪಟಾಕಿ. ಬಾಯಿ ಜೋರೆಂದು ಎಲ್ಲರೂ ಸೇರಿ ಇಟ್ಟ ಹೆಸರು ಅದು. ಉಳಿದವರು ಕಿಸಕ್ಕೆಂದರು. ಅಕ್ಕ ನಗಲಿಲ್ಲ.

ಅವಳು ಆ ವಿಡಿಯೊ ಹಾಕಿ ಮೊಬೈಲನ್ನು ತಮ್ಮನ ಮೂಗಿಗೇ ಹಿಡಿದಳು. "ಈ ಬಾಗಿಲ ಸಂದಿ ನೋಡು. ಎಮ್ಮೆ ನುಗ್ಗೋಷ್ಟಿದೆ. ಈಗ ನೀನು ಅಲ್ಲಿ ನುಗ್ಗಿ ತೋರ್ಸು."

ತಮ್ಮ ನೋಡಿದ. ಗಾಜು ಹತ್ತಿರದ್ದನ್ನು ಹಿಗ್ಗಿಸಿ, ಎದುರು ಗೋಡೆಯನ್ನು ಎಲ್ಲೋ ದೂರ ತಳ್ಳಿತ್ತು. ಅದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಎಲ್ಲರನ್ನೂ ಒಟ್ಟಿಗೆ ತೋರಿಸುವ ಉಮೇದಿನಲ್ಲಿ ಮರೆತಿದ್ದ.

"ತಪ್ಪಾಯ್ತಕ್ಕಾ."

"ತಪ್ಪಾಯ್ತಂತೆ ತಪ್ಪಾಯ್ತು! ನಾಳೆ ಮತ್ತೆ ಹೊಗೆ ಬಂದ್ರೆ ನಾವೆಲ್ಲ ನಿನ್ನ ಫ್ರೇಮೊಳಗೇ ಸಾಯ್ಬೇಕಾ?" ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದಕ್ಕೂ ಅವಳಿಗೆ ಸಿಟ್ಟು. "ಬಿಚ್ಚು ಅದನ್ನ. ಈಗ್ಲೇ ಇನ್ನೊಂದ್ಸಲ ವಿಡಿಯೊ ತೆಗಿ. ನಾನೇ ತಗೊಂಡ್ಹೋಗಿ ಆ ಅಧಿಕಾರಿ ಮುಂದೆ ಇಡ್ತೀನಿ. ಅವ್ನು ಅದು ಹೇಗೆ ಬರಲ್ವೋ ನೋಡ್ತೀನಿ."

ತಮ್ಮ ಕನ್ವರ್ಟರನ್ನು ತಿರುಗಿಸಿ ಬಿಚ್ಚಿ ಜೇಬಿಗಿಟ್ಟ. ಹೆಂಗಸರು ತಮ್ಮ ತಮ್ಮ ಮಂಚದ ಮೇಲೆ ಕುಳಿತರು. ಕ್ಯಾಮೆರಾ ಹೆಗಲಿಗೇರಿಸಿ ಅವನು ಹಿಂದೆ ಸರಿದ. ಕ್ಯಾಮೆರಾದ ಹಿಂಬದಿಯ ಬ್ಯಾಟರಿ ಠಣ್ಣೆಂದು ಗೋಡೆಗೆ ಬಡಿಯಿತು. ಫ್ರೇಮಿನಲ್ಲಿ ಕಂಡದ್ದು ಅಕ್ಕನ ಮುಖ, ಅವಳ ಮಂಚದ ಒಂದು ಮೂಲೆ, ಅಷ್ಟೇ.

"ಇನ್ನೂ ಹಿಂದಕ್ಕೆ ಹೋಗೋ. ಎಲ್ರೂ ಬರ್ಲಿ."

"ಆಗಲ್ಲ ಅಕ್ಕಾ," ಅವನು ಮೆಲ್ಲಗೆ ಅಂದ. "ಜಾಗ ಇಲ್ಲ."

"ಮೈಕ್ ಆನ್ ಇದೆ ತಾನೆ?"

"ಇದೆ."

"ಹಾಗಾದ್ರೆ ಅದನ್ನೇ ಗಟ್ಟಿಯಾಗಿ ಹೇಳು."