ನೀಲಿ ತೇಪೆ

ಹಸಿ ಸುಣ್ಣದ ವಾಸನೆ ಇನ್ನೂ ಹೋಗಿಲ್ಲ, ಗೋಡೆ ಒದ್ದೆಯಾಗಿಯೇ ಇದೆ — ಇಷ್ಟು ಉದ್ದವೇ ನೆರಿ, ನಿಂತಾಗ ಕಾಣದ ಎತ್ತರ ತಲೆಕೆಳಗಾಗಿ ತೂಗುವಾಗ ಎಲ್ಲಿಂದ ಬಂತು, ಎಂದು ತೆಸ್ಸಾ ಕತ್ತೆತ್ತಿದಳು, ಇದು ಸಿಯೆನಾದ ದ್ರೋಹಿಗಳ ಗೋಡೆ, ಓಡಿಹೋದವನ ದೇಹ ಸಿಗದಿದ್ದರೆ ನಗರ ಅವನ ಚಿತ್ರವನ್ನಾದರೂ ಗೋಡೆಯ ಮೇಲೆ ಬರೆಸಿ ತೂಗುಹಾಕುತ್ತದೆ, ಒಂದು ಕಾಲಿಗೆ ಹಗ್ಗ, ತಲೆ ಜನರ ಕಣ್ಣಿನ ಮಟ್ಟಕ್ಕೆ, ಈಗ ಅಲ್ಲಿ ಅವಳ ಗಂಡ ನೆರಿ, ರೊಕ್ಕಾಸೆಕ್ಕಾ ಕೋಟೆಯ ಒಡೆಯ, ಕೋಟೆಯನ್ನು ಶತ್ರುವಿಗೆ ಬಿಟ್ಟುಕೊಟ್ಟವನು — ಬಿಟ್ಟುಕೊಟ್ಟದ್ದು ಹೌದು, ಆದರೆ ಒಳಗಿನವರು ಕುದುರೆಯ ಜೀನಿನ ತೊಗಲು ಬೇಯಿಸಿ ತಿನ್ನುತ್ತಿದ್ದರೆಂದು ಯಾರು ಬರೆಯುತ್ತಾರೆ, ಮೀನಿನ ಬುಟ್ಟಿಯವಳು ಸೊಂಟದಿಂದ ಬಾಗಿ ತಲೆ ತಿರುಗಿಸಿ ನೋಡುತ್ತಿದ್ದಾಳೆ, ನೋಡ್ರೇ, ದೊರೆ ಬಾವಲಿ ಆಗವ್ನೆ, ಹಿಂಗೆ ನೋಡಿದ್ರೆ ಚೆನ್ನಾಗೇ ಅವ್ನೆ ಕಣ್ರೇ, ನಗು, ಪಕ್ಕದವಳು ಅವಳ ತೋಳು ತಿವಿದು, ಸುಮ್ನಿರೇ, ಹೆಂಡ್ತಿ ಇಲ್ಲೇ ನಿಂತವ್ಳೆ.

ಅಮ್ಮಾವ್ರೇ, ಮುಖ ಒಪ್ತದಾ ನೋಡಿ ಹೇಳಿ — ನಗರದ ಕರಣಿಕ ಬಿಂದೊ, ದನಿಯಲ್ಲಿ ಕೇಡಿಲ್ಲ, ಅವನಿಗೂ ಇದೊಂದು ಕೆಲಸ — ತಪ್ಪಿದ್ರೆ ಸುಣ್ಣ ಒಣಗೋದ್ರೊಳಗೆ ತಿದ್ದಿಸ್ತೀವಿ, ನಾಳೆ ಹೆಬ್ಬಾಗಿಲ ಕಾವಲಿನೋರೆಲ್ಲ ಬಂದು ಗುರುತು ಮಾಡ್ಕೋಬೇಕು, ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಶನಿವಾರ ಉಣ್ಣೆ ಗಾಡಿಗಳವರ ನಡುವೆ ಬರುತ್ತೇನೆ, ಮಗಳನ್ನು ಸಿದ್ಧ ಮಾಡಿರು ಎಂದು ನೆರಿ ಹೇಳಿಕಳಿಸಿದ್ದಾನೆ — ಅವಳು ಮುಖ ನೋಡಿದಳು, ಯಾರದಿದು, ತೆಳು ಮೂಗು, ಮೂಗಿನ ಮೇಲೆ ನೆರಿಯ ನರಹುಲಿಯಿಲ್ಲ, ಇವನು ಯಾರೂ ಅಲ್ಲ, ಅಟ್ಟಣಿಗೆಯ ಮೇಲೆ ಚಿತ್ರಗಾರ ವಾನ್ನಿ ಬೆನ್ನು ತಿರುಗಿಸಿ ಕುಂಚ ತೊಳೆಯುತ್ತಿದ್ದಾನೆ, ತೊಳೆದದ್ದನ್ನೇ ತೊಳೆಯುತ್ತಿದ್ದಾನೆ, ಎರಡು ವರ್ಷದ ಹಿಂದೆ ಕೋಟೆಯ ಪ್ರಾರ್ಥನಾಮಂದಿರದಲ್ಲಿ ಇದೇ ವಾನ್ನಿ, ಆರು ವಾರ ನಮ್ಮ ಮನೆಯ ಚೆಸ್ಟ್‌ನಟ್ ರೊಟ್ಟಿ ತಿಂದು, ಮಾತೆ ಮರಿಯಳ ಪಾದದ ಬಳಿ ಮೊಣಕಾಲೂರಿದ ನೆರಿಯನ್ನು ಬರೆದವನು, ನರುಲಿ ಬಿಡಬೇಡ ಕಣೋ ವಾನ್ನಿ, ಅದಿಲ್ದಿದ್ರೆ ಆ ತಾಯಿಗೆ ನನ್ನ ಗುರುತೇ ಸಿಗಲ್ಲ, ಎಂದಿದ್ದ ನೆರಿ, ಯಾರಾದರೂ ಹೋಲಿಸಿ ನೋಡೋಣವೆಂದರೆ ಆ ಗೋಡೆ ಈಗ ಶತ್ರುಗಳ ಕೈಯಲ್ಲಿ, ಒಮ್ಮೆ ಕಂಡ ಮುಖವನ್ನು ಮರೆಯದ ವಾನ್ನಿ ಈ ಒಂದು ಮುಖವನ್ನು ಮರೆತಿದ್ದಾನೆ, ಬೇಕೆಂದೇ ಮರೆತಿದ್ದಾನೆ, ದೇವರು ನಿನ್ನ ಕೈ ತಣ್ಣಗಿಡಲಿ ವಾನ್ನಿ, ಅಲ್ಲ ಎಂದರೆ ಈ ಕ್ಷಣಕ್ಕೆ ಮಾನ ಉಳಿಯುತ್ತದೆ, ಮುಖ ತಿದ್ದಿದ ಮೇಲೆ ಗಂಡ ಉಳಿಯುವುದಿಲ್ಲ, ಹೌದು ಎಂದರೆ —

ಹೌದು ಸ್ವಾಮಿ, ಅವರೇ, ನೂರಕ್ಕೆ ನೂರು ಅವರೇ, ಎಂದಳು, ದನಿ ತಾನಾಗಿಯೇ ಒಡೆಯಿತು, ನಟಿಸಬೇಕಾಗಲಿಲ್ಲ, ಬಿಂದೊ ತಲೆ ತಗ್ಗಿಸಿದ, ಯಾರೋ ಉಗುಳಿದರು, ಉಗುಳು ತೆಳು ಮೂಗಿನ ಮೇಲಿಂದ ಹಣೆಗೆ ಇಳಿಯಿತು, ಇಳಿಯಲಿ, ಅದು ಯಾರ ಹಣೆಯೂ ಅಲ್ಲ, ಹೊರಡಬೇಕು, ಇನ್ನೊಮ್ಮೆ ಮೇಲೆ ನೋಡಿದಳು, ಮುಖದಿಂದ ಎದೆಗೆ, ಎದೆಯಿಂದ ಸೊಂಟಕ್ಕೆ, ಮೊಣಕಾಲಿಗೆ, ಯಾರೂ ನೋಡದಷ್ಟು ಮೇಲೆ, ಹಗ್ಗ ಬಿಗಿದ ಪಾದಕ್ಕೆ — ಕೆಂಪು ಕಾಲುಚೀಲ, ಹಿಮ್ಮಡಿಯಲ್ಲಿ ತೇಪೆ, ವಾನ್ನಿ ಕೋಟೆಯಲ್ಲಿದ್ದ ಆ ಚಳಿಗಾಲ ಕೆಂಪು ಬಟ್ಟೆ ಸಿಗದೆ ಮಗಳ ಹಳೆಯ ಲಂಗದಿಂದ ಕತ್ತರಿಸಿ ಅವಳೇ ಹಾಕಿದ ನೀಲಿ ತೇಪೆ, ಅಯ್ಯೋ ವಾನ್ನಿ, ಮುಖದಲ್ಲಿ ಸುಳ್ಳು ಬರೆದ ಕೈ ಹಿಮ್ಮಡಿಗೆ ಬರುವಾಗ ಮೈಮರೆಯಿತೇ, ಓಡಿಹೋದವನಿಗೆ ಇರುವುದೇ ಅದೊಂದು ಜೊತೆ, ಶನಿವಾರ ಗಾಡಿಯಿಂದ ಇಳಿಯುವ ಕಾಲಲ್ಲಿ ಅದೇ, ಕಾವಲಿನವರಿಗೆ ಆ ಗುರುತೇ ಸಾಕು, ಅಳಿಸು ಎನ್ನುವಂತಿಲ್ಲ, ಎಂದರೆ ಎಲ್ಲರೂ ತಲೆಯೆತ್ತುತ್ತಾರೆ, ತಾನೂ ನೋಡಬಾರದು, ಕತ್ತು ತಗ್ಗಿಸಬೇಕು, ಕೆಂಪು ಕಾಲುಚೀಲ, ತಗ್ಗಿಸು ತೆಸ್ಸಾ, ಸುಣ್ಣ ಒಣಗುತ್ತಿದೆ, ಹಿಮ್ಮಡಿ, ನೀಲಿ ತೇಪೆ, ನೀಲಿ